ಸಿಗ್ನಲ್ ಕಂಬ ಯಾರನ್ನು ಎಣಿಸಬೇಕು?

ಬೆಂಗಳೂರಿನ ಯಾವುದಾದರೊಂದು ದೊಡ್ಡ ಕೂಡುರಸ್ತೆಯಲ್ಲಿ ನಿಂತು ಸಿಗ್ನಲ್ ಕಂಬವನ್ನು ತಲೆಯೆತ್ತಿ ನೋಡಿದವರಿಗೆ, ದೀಪಗಳಿಗಿಂತ ಮೇಲೆ, ರಸ್ತೆಯ ಕಡೆಗೆ ಕೊಂಚ ಬಾಗಿದ ಸಣ್ಣ ಕ್ಯಾಮೆರಾ ಒಂದು ಈಚೆಗೆ ಕಾಣಿಸಿಕೊಳ್ಳುತ್ತಿದೆ. ಅದಕ್ಕೆ ಹಗಲಿರುಳೂ ವಹಿಸಿರುವ ಕೆಲಸ ಎಣಿಕೆ. ತನ್ನ ಕಣ್ಣಳತೆಯೊಳಗೆ ಎಷ್ಟು ವಾಹನಗಳು ಬಂದು ನಿಂತವು, ಎಷ್ಟು ಮುಂದಕ್ಕೆ ಸರಿದುವು, ಸಾಲಿನ ಬಾಲ ಎಲ್ಲಿಯವರೆಗೆ ಬೆಳೆದಿದೆ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಗಣಕಯಂತ್ರಕ್ಕೆ ವರದಿ ಮಾಡುತ್ತಿರಲು, ಗಣಕಯಂತ್ರವು ಆ ಲೆಕ್ಕವನ್ನು ಕೂಡಿ ಕಳೆದು ಯಾವ ದಿಕ್ಕಿಗೆ ಎಷ್ಟು ಸೆಕೆಂಡು ಹಸಿರು ದೀಪ ಸಲ್ಲಬೇಕೆಂದು ತೀರ್ಮಾನಿಸುತ್ತದೆ. ಸಿ-ಡ್ಯಾಕ್ ಸಂಸ್ಥೆ ನಮ್ಮ ದೇಶದ ಮಿಶ್ರ ಸಂಚಾರಕ್ಕೆಂದೇ ರೂಪಿಸಿದ ತಂತ್ರಾಂಶವನ್ನು ಆಧರಿಸಿ, ನಗರದ 165 ಕೂಡುರಸ್ತೆಗಳನ್ನು ಈ ಪದ್ಧತಿಗೆ ಒಳಪಡಿಸುವ ಕಾರ್ಯವನ್ನು ಸಂಚಾರ ಪೊಲೀಸರು 2024ರಲ್ಲಿ ಕೈಗೊಂಡರು. ರಸ್ತೆಯ ಮೇಲೆ ಬರಿದೆ ಕಾದು ಕಾದು ಇಂಧನವನ್ನೂ ಆಯುಷ್ಯವನ್ನೂ ಸವೆಸುತ್ತಿದ್ದ ಜನಕ್ಕೆ ಇದು ಉಪಕಾರವೇ ಸರಿ. ಆದರೆ ಕ್ಯಾಮೆರಾ ಎಣಿಸುತ್ತಿರುವುದು ವಾಹನಗಳನ್ನು. ರಸ್ತೆ ದಾಟಲು ಕಾಲುದಾರಿಯ ಅಂಚಿನಲ್ಲಿ ಕಾದಿರುವ ಮುದುಕಿ ಆ ಲೆಕ್ಕದಲ್ಲಿ ಇಲ್ಲ. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವ ಎಪ್ಪತ್ತು ಮಂದಿ ಆ ಲೆಕ್ಕದಲ್ಲಿ ಒಂದೇ ಒಂದು ವಸ್ತು.

ಚತುರ ಸಾರಿಗೆ ವ್ಯವಸ್ಥೆ ಎಂಬ ಹೆಸರಿನಿಂದ ಇಂದು ಕರೆಯಲ್ಪಡುವ ಏರ್ಪಾಡಿನಲ್ಲಿ ಇಂತಹ ಕ್ಯಾಮೆರಾಗಳಿವೆ, ಬಸ್ಸಿನ ಸ್ಥಾನವನ್ನು ತಿಳಿಸುವ ಜಿಪಿಎಸ್ ಯಂತ್ರಗಳಿವೆ, ನಿಲ್ದಾಣದ ಫಲಕಗಳಿವೆ, ಜನರ ಕೈಯ ಮೊಬೈಲಿನೊಳಗಿನ ಆ್ಯಪ್‌ಗಳಿವೆ, ಇವೆಲ್ಲವನ್ನೂ ದೂರದಿಂದ ನೋಡುವ ನಿಯಂತ್ರಣ ಕೊಠಡಿಗಳಿವೆ. ಒಂದು ಮಹಾನಗರ ಪ್ರದೇಶಕ್ಕೆ ಈ ವ್ಯವಸ್ಥೆಯನ್ನು ಯೋಜಿಸಹೊರಟವರು ಸಾಮಾನ್ಯವಾಗಿ ಯಂತ್ರಗಳ ಪಟ್ಟಿಯಿಂದ ಪ್ರಾರಂಭಿಸುತ್ತಾರೆ: ಎಷ್ಟು ಕ್ಯಾಮೆರಾ, ಎಷ್ಟು ಫಲಕ, ಎಷ್ಟು ಕೋಟಿ. ಯಂತ್ರಗಳು ಸಿಕ್ಕಿಯೇ ಸಿಕ್ಕುತ್ತವೆ. ಜಗತ್ತಿನಲ್ಲಿ ಅವನ್ನು ಮಾರುವವರಿಗೆ ಕೊರತೆಯಿಲ್ಲ. ಯಾರನ್ನು ಎಣಿಸಬೇಕು, ಎಣಿಸಿದ್ದನ್ನು ಯಾರು ಯಾರೊಡನೆ ಹಂಚಿಕೊಳ್ಳಬೇಕು ಎಂಬ ನಿರ್ಣಯವನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಬೃಹತ್ ಬೆಂಗಳೂರು ಪ್ರದೇಶದ ಸಂಚಾರವು ಹದಗೆಟ್ಟಿರುವುದಕ್ಕೆ ಯಂತ್ರದ ಕೊರತೆಗಿಂತ ಈ ನಿರ್ಣಯದ ಕೊರತೆಯೇ ಹೆಚ್ಚು ಕಾರಣವೆಂದು ನಾನು ನಂಬಿದ್ದೇನೆ.

ಸಂಕೇತದೀಪದ ಚರಿತ್ರೆ ದೀರ್ಘವಾದದ್ದು. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಸಮೀಪ ಅನಿಲದಿಂದ ಉರಿಯುವ ಕೆಂಪು ಹಸಿರು ದೀಪದ ಕಂಬವನ್ನು ನೆಟ್ಟರು. ಮರುತಿಂಗಳೇ ಅದು ಸಿಡಿದು, ಅದನ್ನು ತಿರುಗಿಸುತ್ತಿದ್ದ ಪೊಲೀಸಿನವನು ಗಾಯಗೊಂಡನು. ವಿದ್ಯುದ್ದೀಪ ಬಂದ ಮೇಲೆ ಅಪಾಯ ಕಳೆಯಿತಾದರೂ ಯಾವ ದಿಕ್ಕಿಗೆ ಎಷ್ಟು ಹೊತ್ತು ಎಂಬ ಪ್ರಶ್ನೆ ಊಹೆಯ ಮೇಲೆಯೇ ನಿಂತಿತ್ತು. ಅದಕ್ಕೆ ಗಣಿತದ ಆಧಾರವನ್ನು ಕೊಟ್ಟವರು ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದ ವೆಬ್‌ಸ್ಟರ್. ಆತ 1958ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠವಾಗಿದೆ. ಐದು ವರ್ಷಗಳ ತರುವಾಯ ಕೆನಡಾದ ಟೊರಾಂಟೊ ನಗರ ತನ್ನ ಸಿಗ್ನಲ್ಲುಗಳನ್ನು ಗಣಕಯಂತ್ರದ ವಶಕ್ಕೊಪ್ಪಿಸಿತು. ಎಪ್ಪತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯೂ ಬ್ರಿಟನ್ನಿನ ಸಂಶೋಧಕರೂ ಬೇರೆಬೇರೆಯಾಗಿ, ರಸ್ತೆಯ ಸ್ಥಿತಿಯನ್ನು ನೋಡಿಕೊಂಡು ತಾವೇ ಹೊಂದಿಕೊಳ್ಳುವ ಸಿಗ್ನಲ್ ಪದ್ಧತಿಗಳನ್ನು ಕಟ್ಟಿದರು. ಬೆಂಗಳೂರಿನ ಈಗಿನ ವ್ಯವಸ್ಥೆಯೂ ಅದೇ ಕುಲದ್ದು.

ವೆಬ್‌ಸ್ಟರನ ಸೂತ್ರವನ್ನು ತುಸು ಹತ್ತಿರದಿಂದ ನೋಡುವುದು ಅವಶ್ಯ, ಏಕೆಂದರೆ ಚತುರ ಸಿಗ್ನಲ್ಲಿನಿಂದ ನಾವು ಏನನ್ನು ಬಯಸಬಹುದು, ಏನನ್ನು ಬಯಸಲಾಗದು ಎಂಬುದು ಅದರಲ್ಲಿಯೇ ಅಡಗಿದೆ. ನಾಲ್ಕು ದಿಕ್ಕಿನ ಕೂಡುರಸ್ತೆಯೊಂದರಲ್ಲಿ ದೀಪ ಬದಲಾಗುವಾಗಲೆಲ್ಲ ಸುಮಾರು ನಾಲ್ಕು ಸೆಕೆಂಡು ವ್ಯರ್ಥವಾಗುತ್ತದೆಂದು ಇಟ್ಟುಕೊಂಡರೆ, ಒಂದು ಸುತ್ತಿಗೆ ಹದಿನಾರು ಸೆಕೆಂಡು ನಷ್ಟ. ಕೂಡುರಸ್ತೆಯ ಮೇಲೆ ಬೀಳುವ ವಾಹನಭಾರ ಅದರ ಸಾಮರ್ಥ್ಯದ ಶೇಕಡಾ 60ರಷ್ಟಿದ್ದಾಗ, ಎಲ್ಲರ ಕಾಯುವಿಕೆಯೂ ಕನಿಷ್ಠವಾಗಬೇಕಾದರೆ ಒಂದು ಪೂರ್ತಿ ಸುತ್ತು ಸುಮಾರು 72 ಸೆಕೆಂಡಿನದಾಗಿರಬೇಕು. ಭಾರ ಶೇಕಡಾ 80ಕ್ಕೆ ಏರಿದರೆ ಸುತ್ತು 145 ಸೆಕೆಂಡಿಗೆ ಬೆಳೆಯುತ್ತದೆ. 90ಕ್ಕೆ ಏರಿದರೆ 290 ಸೆಕೆಂಡು, ಅಂದರೆ ಐದು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ. ನೂರಕ್ಕೆ ಮುಟ್ಟಿದಾಗ ಸೂತ್ರ ಉತ್ತರ ಕೊಡುವುದನ್ನೇ ನಿಲ್ಲಿಸಿಬಿಡುತ್ತದೆ. ಅಂತಹ ಹೊತ್ತಿನಲ್ಲಿ ಕಂಬದ ತುದಿಯಲ್ಲಿ ಎಂತಹ ಮೇಧಾವಿ ಯಂತ್ರವನ್ನು ಕೂಡಿಸಿದರೂ ಅದು ಇಲ್ಲದ ರಸ್ತೆಯನ್ನು ಉಂಟುಮಾಡಲಾರದು. ಇದ್ದ ರಸ್ತೆಯನ್ನು ಯಾರಿಗೆ ಮೊದಲು ಕೊಡಬೇಕೆಂಬುದಷ್ಟೇ ಅದರ ಕೈಯಲ್ಲಿ ಉಳಿಯುತ್ತದೆ. ಸಂಜೆ ಏಳರ ಹೊತ್ತಿಗೆ ಸಿಲ್ಕ್ ಬೋರ್ಡಿನ ಬಳಿ ಮುಂದಿನ ರಸ್ತೆಯೇ ತುಂಬಿ ನಿಂತಿರುವಾಗ ಹಸಿರು ದೀಪ ಬಂದೂ ಒಂದು ವಾಹನವೂ ಕದಲದಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂತಹ ಕೂಡುರಸ್ತೆಯಲ್ಲಿ ನಿಂತ ಸಂಚಾರ ಪೊಲೀಸ್ ಪೇದೆಯ ವಿಷಯವಾಗಿ ಎರಡು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಯಂತ್ರವನ್ನು ಪಕ್ಕಕ್ಕಿಟ್ಟು ಆತ ಕೈಯಿಂದಲೇ ದೀಪವನ್ನು ಬದಲಾಯಿಸುವುದನ್ನು ಹಳೆಯ ಅಭ್ಯಾಸವೆಂದು ಬಲ್ಲವರು ಟೀಕಿಸುತ್ತಾರೆ. ಒಂದೇ ದಿಕ್ಕಿಗೆ ಮೂರು ನಾಲ್ಕು ನಿಮಿಷ ಹಸಿರು ಕೊಟ್ಟು ಮಿಕ್ಕವರನ್ನು ಕಾಯಿಸುವುದರಿಂದ ಒಟ್ಟು ವಿಳಂಬ ಹೆಚ್ಚುವುದೆಂಬುದು ಲೆಕ್ಕದ ಪ್ರಕಾರ ನಿಜ. ಆದರೆ ಆತನ ಬೆಲ್ಟಿನಲ್ಲಿರುವ ವೈರ್‌ಲೆಸ್‌ನಲ್ಲಿ ಮುಂದಿನ ಸರ್ಕಲ್ ಜಾಮ್ ಆಗಿದೆ ಎಂಬ ಸಮಾಚಾರ ಬಂದಿರುತ್ತದೆ. ಹಿಂದೆ ಆಂಬುಲೆನ್ಸ್ ಒಂದು ಸಾಲಿನ ನಡುವೆ ಸಿಕ್ಕಿಕೊಂಡಿರುವುದು ಅದರ ಸೈರನ್ನಿನಿಂದ ತಿಳಿದಿರುತ್ತದೆ. ಶಾಲೆ ಬಿಟ್ಟ ಮಕ್ಕಳ ಗುಂಪು ಎಡಬದಿಯಲ್ಲಿ ನೆರೆಯುತ್ತಿರುವುದು ಕಣ್ಣಿಗೆ ಬಿದ್ದಿರುತ್ತದೆ. ಆತನು ಒಂದು ಕೈಯೆತ್ತಿ ಇಡೀ ರಸ್ತೆಯನ್ನು ನಿಲ್ಲಿಸಿ, ಇನ್ನೊಂದು ಕೈಯನ್ನು ಬೀಸಿ ಆ ಮಕ್ಕಳನ್ನು ದಾಟಿಸುತ್ತಾನೆ. ಆ ಹೊಗೆಯಲ್ಲಿಯೂ ಬಿಸಿಲಿನಲ್ಲಿಯೂ ನಿಂತು ಆತ ಎಣಿಸುತ್ತಿರುವುದು ಮನುಷ್ಯರನ್ನು. ಕ್ಯಾಮೆರಾ ಕಲಿಯಬೇಕಾದ ವಿದ್ಯೆ ಆತನಲ್ಲಿ ಬಹಳವಿದೆ. ಯೋಜನೆಯ ಕರಡು ಸಿದ್ಧವಾಗುವಾಗ ಆತನನ್ನು ಕರೆದು ಕೇಳುವ ಪದ್ಧತಿ ನಮ್ಮಲ್ಲಿ ಬರಬೇಕು.

ವಾಹನದ ಎಣಿಕೆಯಾದರೂ ಸಮನಾದದ್ದೇ ಎಂದು ಕೇಳಿದರೆ, ಅಲ್ಲಿಯೂ ಒಂದು ಮಾನದಂಡವಿದೆ. ರಸ್ತೆಯ ಮೇಲೆ ಎತ್ತಿನ ಗಾಡಿಯಿಂದ ಹಿಡಿದು ಲಾರಿಯವರೆಗೆ ನಾನಾ ಬಗೆಯ ವಾಹನಗಳು ಒಟ್ಟಿಗೆ ಹರಿಯುವುದರಿಂದ, ಅವನ್ನೆಲ್ಲ ಕಾರಿನ ಅಳತೆಗೆ ಇಳಿಸಿ ಲೆಕ್ಕ ಹಾಕುವುದು ರೂಢಿ. ಭಾರತೀಯ ರಸ್ತೆ ಕಾಂಗ್ರೆಸ್ಸು ನಗರದ ರಸ್ತೆಗಳಿಗಾಗಿ 1990ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಕಾರು ಒಂದು ಎಂದಾದರೆ, ದ್ವಿಚಕ್ರ ವಾಹನಕ್ಕೆ ಅರ್ಧ ಅಥವಾ ಮುಕ್ಕಾಲು, ಬಸ್ಸಿಗೆ ಸಂಚಾರದಲ್ಲಿ ಅದರ ಪಾಲನ್ನು ನೋಡಿಕೊಂಡು 2.2 ಅಥವಾ 3.7 ಎಂದು ನಿಗದಿಯಾಗಿದೆ. ರಸ್ತೆಯ ಜಾಗವನ್ನು ಅಳೆಯುವುದಕ್ಕೆ ಈ ಮಾನ ಯುಕ್ತವಾದದ್ದೇ. ಆದರೆ ಹಸಿರು ದೀಪವನ್ನು ಹಂಚುವಾಗಲೂ ಇದೇ ಮಾನವನ್ನು ಹಿಡಿದರೆ, ನಾಲ್ಕು ಕಾರುಗಳು ನಿಂತ ದಿಕ್ಕು ಒಂದು ಬಸ್ಸು ನಿಂತ ದಿಕ್ಕಿಗಿಂತ ಹೆಚ್ಚಿನ ಹಕ್ಕನ್ನು ಪಡೆಯುತ್ತದೆ. ಕಾರಿನಲ್ಲಿ ಸರಾಸರಿ ಒಂದೂವರೆ ಮಂದಿ ಇದ್ದಾರೆಂದು ಎಣಿಸಿದರೂ ಆ ನಾಲ್ಕರಲ್ಲಿ ಇರುವುದು ಆರು ಜನ; ಬಸ್ಸಿನಲ್ಲಿ ಇರುವುದು ಅರುವತ್ತು ಜನ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯೆಂದು ಭಾರತದ ರಾಷ್ಟ್ರೀಯ ನಗರ ಸಾರಿಗೆ ನೀತಿಯು 2006ರಲ್ಲಿಯೇ ಸಾರಿತು. ಆ ನೀತಿ ಕಾಗದದಿಂದ ಕಂಬದ ತುದಿಗೆ ಏರಲು ಇನ್ನೂ ದಾರಿ ಕಾಯುತ್ತಿದೆ.

ಹಾಗೆ ಏರಿಸಿದವರು ಇಲ್ಲದೆ ಇಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪ್ರಜೆಗಳು 1973ರಲ್ಲಿ ಸುರಂಗ ರೈಲಿನ ದೊಡ್ಡ ಯೋಜನೆಯನ್ನು ಮತದಾನದಲ್ಲಿ ತಳ್ಳಿಹಾಕಿದರು. ನೆಲದ ಮೇಲಿನ ರಸ್ತೆಯನ್ನು ಕಾರುಗಳಿಗೆ ಬಿಟ್ಟು ತಾವೇಕೆ ನೆಲದೊಳಗೆ ಇಳಿಯಬೇಕೆಂಬುದು ಅಲ್ಲಿ ಎದ್ದ ಪ್ರಶ್ನೆಗಳಲ್ಲಿ ಒಂದು. ನಾಲ್ಕು ವರ್ಷಗಳ ಮೇಲೆ, 1977ರಲ್ಲಿ, ಅದೇ ಪ್ರಜೆಗಳು ಮತ್ತೆ ಮತಗಟ್ಟೆಗೆ ಹೋಗಿ, ಇರುವ ಟ್ರಾಮ್ ಮತ್ತು ಬಸ್ಸುಗಳಿಗೆ ರಸ್ತೆಯಲ್ಲಿ ಅಗ್ರಸ್ಥಾನ ಕೊಡುವ ಕಾರ್ಯಕ್ಕೆ ಇಪ್ಪತ್ತು ಕೋಟಿ ಫ್ರಾಂಕುಗಳನ್ನು ಮಂಜೂರು ಮಾಡಿದರು. ಆ ಹಣದಿಂದ ಹಳಿಯ ಸಮೀಪ ತಂತಿಯ ಸುರುಳಿಗಳನ್ನು ಹೂತು, ಟ್ರಾಮ್ ಬರುತ್ತಿರುವುದು ಸಿಗ್ನಲ್ಲಿಗೆ ಮುಂಚಿತವಾಗಿಯೇ ತಿಳಿಯುವಂತೆ ಮಾಡಿ, ಟ್ರಾಮ್ ಕೂಡುರಸ್ತೆಗೆ ತಲುಪುವ ಹೊತ್ತಿಗೆ ಸರಿಯಾಗಿ ಹಸಿರು ಬೀಳುವಂತೆಯೂ ಅದು ದಾಟಿದೊಡನೆ ಮಿಕ್ಕವರಿಗೆ ಹಸಿರು ಮರಳುವಂತೆಯೂ ಏರ್ಪಡಿಸಿದರು. ನಗರದ ಒಳಕ್ಕೆ ಒಂದೇ ಸಲ ನುಗ್ಗುವ ಕಾರುಗಳ ಸಂಖ್ಯೆಯನ್ನು ಹೊರ ಅಂಚಿನ ಸಿಗ್ನಲ್ಲುಗಳಿಂದಲೇ ಹಿಡಿದಿಟ್ಟರು. ಆ ಕಾಲದ ಗಣಕಯಂತ್ರ ಇಂದಿನ ಒಂದು ಮೊಬೈಲಿನಷ್ಟೂ ಶಕ್ತವಾಗಿರಲಿಲ್ಲ. ಹೀಗಿದ್ದೂ ಆ ವ್ಯವಸ್ಥೆ ಚತುರವೆನ್ನಿಸಿತು. ಯಾರು ಮೊದಲು ಹೋಗಬೇಕೆಂಬುದನ್ನು ಊರಿನ ಜನ ಸೇರಿ ಮೊದಲೇ ನಿಶ್ಚಯಿಸಿ, ಅನಂತರ ಯಂತ್ರಕ್ಕೆ ಹೇಳಿದ್ದರು.

ಕಾಲ್ನಡಿಗೆಯವನ ಲೆಕ್ಕ ಇನ್ನೂ ಸರಳವಾದದ್ದು, ಮತ್ತು ಇನ್ನೂ ನಿರ್ದಯವಾದದ್ದು. ರಸ್ತೆ ದಾಟುವವನು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂದು ಸಿಗ್ನಲ್ ವಿನ್ಯಾಸದಲ್ಲಿ ಸಾಮಾನ್ಯವಾಗಿ ಎಣಿಸುತ್ತಾರೆ. ಇಪ್ಪತ್ತನಾಲ್ಕು ಮೀಟರ್ ಅಗಲದ ರಸ್ತೆಗೆ ಆ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡು ಸಾಕು. ಮೊಣಕಾಲು ನೋವಿನ ವೃದ್ಧೆಯೊಬ್ಬಳು, ಬಗಲಲ್ಲಿ ಮಗುವನ್ನೂ ಕೈಯಲ್ಲಿ ತರಕಾರಿಯ ಚೀಲವನ್ನೂ ಹಿಡಿದ ತಾಯಿಯೊಬ್ಬಳು ಸೆಕೆಂಡಿಗೆ 0.8 ಮೀಟರಿಗಿಂತ ವೇಗವಾಗಿ ಹೋಗಲಾರರು. ಅವರಿಗೆ ಮೂವತ್ತು ಸೆಕೆಂಡು ಬೇಕು. ಕಡಿಮೆ ಬಿದ್ದ ಆ ಹತ್ತು ಸೆಕೆಂಡಿನಲ್ಲಿ ಅವರು ರಸ್ತೆಯ ಮೂರನೆಯ ಒಂದು ಭಾಗವನ್ನು, ಅಂದರೆ ಎಂಟು ಮೀಟರನ್ನು, ಹೊರಟುನಿಂತ ವಾಹನಗಳ ಎದುರಿನಲ್ಲಿ ಕ್ರಮಿಸಬೇಕಾಗುತ್ತದೆ. ಎಷ್ಟೋ ಕೂಡುರಸ್ತೆಗಳಲ್ಲಿ ನಡೆಯುವವರಿಗೆಂದು ಪ್ರತ್ಯೇಕ ಹಸಿರೇ ಇಲ್ಲ. ಇದ್ದಲ್ಲಿಯೂ ಎಡಕ್ಕೆ ತಿರುಗುವ ವಾಹನಗಳಿಗೆ ತಡೆಯಿಲ್ಲ. ಕ್ಯಾಮೆರಾಕ್ಕೆ ವಾಹನದ ನಂಬರ್ ಪ್ಲೇಟನ್ನು ಓದುವ ಸಾಮರ್ಥ್ಯವಿರುವಾಗ, ಕಾಲುದಾರಿಯ ಅಂಚಿನಲ್ಲಿ ಹನ್ನೆರಡು ಮಂದಿ ನೆರೆದಿದ್ದಾರೆ, ಅವರಲ್ಲಿ ಒಬ್ಬರು ಊರುಗೋಲು ಹಿಡಿದಿದ್ದಾರೆ ಎಂಬುದನ್ನು ಗುರುತಿಸುವುದು ಅಸಾಧ್ಯವೇನೂ ಅಲ್ಲ. ಅದನ್ನು ಗುರುತಿಸೆಂದು ಅದಕ್ಕೆ ಹೇಳಬೇಕಷ್ಟೆ.

ನಂಬರ್ ಪ್ಲೇಟಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಮುಗಿಸಿಬಿಡುವೆನು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಕೂಡುರಸ್ತೆಗಳಲ್ಲಿ ನಿಯಮ ಮುರಿದವರನ್ನು ತಾನಾಗಿಯೇ ಹಿಡಿದು ದಂಡದ ಚೀಟಿ ಕಳುಹಿಸುವ ಕ್ಯಾಮೆರಾಗಳು ಕೆಲಸಕ್ಕೆ ತೊಡಗಿದುವು. ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗುವವನನ್ನು ದಂಡಿಸುವುದರಿಂದ ಜೀವಗಳು ಉಳಿಯುತ್ತವೆ. ಅದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಪ್ರತಿಯೊಂದು ಗಾಡಿಯೂ ಎಲ್ಲಿ ಯಾವಾಗ ಹಾದುಹೋಯಿತೆಂಬ ದಾಖಲೆ ಹೀಗೆ ಸಂಗ್ರಹವಾಗುತ್ತಿರುವಾಗ, ಅದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರು ತೆರೆದು ನೋಡಬಹುದು ಎಂಬ ಕಟ್ಟಳೆಯೂ ಯೋಜನೆಯ ಅಂಗವಾಗಿಯೇ ಹುಟ್ಟಬೇಕು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ನಮ್ಮವರೇ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರು ಗೆದ್ದುಕೊಟ್ಟ ಹಕ್ಕು ಅವರ ರಾಜ್ಯದ ರಾಜಧಾನಿಯ ರಸ್ತೆಗಳಲ್ಲಿ ಮಸುಕಾಗಬಾರದು.

ಇನ್ನು ಬಸ್ಸಿನ ವಿಷಯ. ಈ ಪ್ರಕರಣದಲ್ಲಿ ಕನ್ನಡನಾಡು ಹೆಮ್ಮೆಪಡತಕ್ಕ ಒಂದು ಅಧ್ಯಾಯವಿದೆ. ಬೆಂಗಳೂರಿಗೂ ಮುಂಚೆ ಮೈಸೂರಿನಲ್ಲಿ, 2012ರಲ್ಲಿ, ಕೆಎಸ್‌ಆರ್‌ಟಿಸಿಯು ವಿಶ್ವಬ್ಯಾಂಕಿನ ಮೂಲಕ ಬಂದ ಜಾಗತಿಕ ಪರಿಸರ ನಿಧಿಯ ನೆರವಿನಿಂದ, 500 ನಗರ ಬಸ್ಸುಗಳಿಗೆ ಜಿಪಿಎಸ್ ಕೂಡಿಸಿ, 105 ನಿಲ್ದಾಣಗಳಲ್ಲಿ ಬಸ್ಸು ಬರುವ ಹೊತ್ತನ್ನು ತಿಳಿಸುವ ಫಲಕಗಳನ್ನು ನೆಟ್ಟಿತು. ಭಾರತದ ಒಂದು ಮಧ್ಯಮ ಗಾತ್ರದ ಊರಿನಲ್ಲಿ, ಇನ್ನೆಷ್ಟು ನಿಮಿಷಕ್ಕೆ ತನ್ನ ಬಸ್ಸು ಬರುವುದೆಂದು ಸಾಮಾನ್ಯ ಪ್ರಯಾಣಿಕನು ತಿಳಿದುಕೊಳ್ಳುವಂತಾದುದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಬಿಎಂಟಿಸಿ 2016ರಲ್ಲಿ ಇದೇ ಹಾದಿಯಲ್ಲಿ ಆರು ಸಾವಿರಕ್ಕೂ ಮಿಕ್ಕ ಬಸ್ಸುಗಳನ್ನು ತಂದು ಸೇರಿಸಿತು.

ಬಸ್ಸು ಎಲ್ಲಿದೆಯೆಂದು ತಿಳಿಸುವುದು ಒಂದು. ಬಸ್ಸನ್ನು ಹೊತ್ತಿಗೆ ಸರಿಯಾಗಿ ನಡೆಸುವುದು ಇನ್ನೊಂದು. ಹೊರ ವರ್ತುಲ ರಸ್ತೆಯಲ್ಲಿ 500-ಡಿ ಬಸ್ಸಿಗೆ ಕಾದವರೆಲ್ಲರೂ ಬಲ್ಲ ಅನುಭವವೆಂದರೆ, ಅರ್ಧ ಗಂಟೆ ಒಂದೂ ಬಾರದೆ ಕೊನೆಗೆ ಮೂರು ಒಟ್ಟಿಗೆ ಬರುವುದು. ಇದನ್ನು ಡ್ರೈವರುಗಳ ಅಲಕ್ಷ್ಯವೆಂದು ಜನ ಬೈಯುತ್ತಾರೆ. ಆ ಬೈಗಳು ನ್ಯಾಯವಾದದ್ದಲ್ಲ. ಹತ್ತು ಹತ್ತು ನಿಮಿಷಕ್ಕೊಂದರಂತೆ ಹೊರಟ ಬಸ್ಸುಗಳಲ್ಲಿ ಒಂದು, ಯಾವುದೋ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಮೂರು ನಿಮಿಷ ತಡವಾಯಿತೆನ್ನಿ. ಮುಂದಿನ ನಿಲ್ದಾಣದಲ್ಲಿ ಹತ್ತು ನಿಮಿಷದ ಜನದ ಬದಲು ಹದಿಮೂರು ನಿಮಿಷದ ಜನ ಅದಕ್ಕಾಗಿ ನೆರೆದಿರುತ್ತಾರೆ. ಅವರು ಹತ್ತುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಿಂದ ಇನ್ನಷ್ಟು ತಡ. ಅದರಾಚೆಯ ನಿಲ್ದಾಣದಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗಾದರೋ ಜನವೇ ಉಳಿಯದೆ, ಅದು ಬೇಗಬೇಗನೆ ನಿಲ್ದಾಣಗಳನ್ನು ದಾಟಿ ಬಂದು ಮುಂದಿನದರ ಬೆನ್ನಿಗೆ ನಿಲ್ಲುತ್ತದೆ. ಮುಂದಿನ ಬಸ್ಸಿನ ಮೆಟ್ಟಿಲ ಮೇಲೆ ಜನ ಜೋತಾಡುತ್ತಿರಲು ಹಿಂದಿನದರಲ್ಲಿ ಸೀಟುಗಳು ಖಾಲಿಯಿರುತ್ತವೆ. ಈ ವ್ಯಾಧಿಗೆ ಔಷಧಿ ಗೊತ್ತಿಲ್ಲದ್ದೇನಲ್ಲ: ಬಸ್ಸುಗಳ ನಡುವಣ ಅಂತರವನ್ನು ನಿಯಂತ್ರಣ ಕೊಠಡಿಯಲ್ಲಿ ಕೂತವರು ನೋಡುತ್ತಿದ್ದು, ಹಿಂದಿನದನ್ನು ಒಂದೆರಡು ನಿಮಿಷ ತಡೆದು ನಿಲ್ಲಿಸುವುದು, ತಡವಾದ ಬಸ್ಸಿಗೆ ಮುಂದಿನ ಎರಡು ಮೂರು ಸಿಗ್ನಲ್ಲುಗಳಲ್ಲಿ ಹಸಿರನ್ನು ಹತ್ತು ಸೆಕೆಂಡು ಲಂಬಿಸುವುದು. ಮೊದಲನೆಯದು ಬಿಎಂಟಿಸಿಯ ಕೈಯಲ್ಲಿದೆ. ಎರಡನೆಯದು ಪೊಲೀಸರ ಕೈಯಲ್ಲಿದೆ.

ಒಂದು ಸಲ ಈ ಕೈಗಳು ಕೂಡಿದ್ದವು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿಯವರೆಗೆ ಹೊರ ವರ್ತುಲ ರಸ್ತೆಯ ಒಂದು ಪಥವನ್ನು ಗೂಟಗಳನ್ನು ನೆಟ್ಟು ಬಸ್ಸಿಗೆ ಮೀಸಲಿಟ್ಟರು. ಪೊಲೀಸರು, ಬಿಎಂಟಿಸಿ, ಮಹಾನಗರ ಪಾಲಿಕೆ, ನಗರ ಭೂ ಸಾರಿಗೆ ನಿರ್ದೇಶನಾಲಯ ಇವೆಲ್ಲ ಒಂದಾಗಿ ದುಡಿದ ಕಾಲ ಅದು. ಪಕ್ಕದ ಪಥದಲ್ಲಿ ಕಾರುಗಳು ನಿಂತೇ ಇರಲು ಬಸ್ಸು ಸರಾಗವಾಗಿ ಸಾಗಿಹೋಗುವ ನೋಟ ಬೆಂಗಳೂರಿಗೆ ಹೊಸದು. ಮುಂದೆ ಮಹಾಮಾರಿ ಬಂದಿತು, ಮೆಟ್ರೊ ಕಾಮಗಾರಿಗೆ ರಸ್ತೆಯನ್ನು ಅಗೆದರು, ಗೂಟಗಳು ಕಣ್ಮರೆಯಾದುವು. ಆ ಪಥವನ್ನು ಮರಳಿ ಕೊಡಬೇಕೆಂದು ಕೇಳುವವರ ಧ್ವನಿ ಇನ್ನೂ ಸಾಕಷ್ಟು ಗಟ್ಟಿಯಾಗಿಲ್ಲ.

ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಬೆಂಗಳೂರು ಮಹಾನಗರ ಪ್ರದೇಶವೆಂದರೆ ನಗರದ ಎಲ್ಲೆಯನ್ನು ಮೀರಿ, ನೆಲಮಂಗಲ, ಹೊಸಕೋಟೆ, ಆನೇಕಲ್, ರಾಮನಗರ, ಕನಕಪುರಗಳನ್ನೂ ಒಳಗೊಂಡು ಸುಮಾರು 8,000 ಚದರ ಕಿಲೋಮೀಟರಿಗೆ ಹಬ್ಬಿದ ನೆಲ. ನಗರದ ನೋಂದಾಯಿತ ವಾಹನಗಳೇ ಒಂದು ಕೋಟಿಯನ್ನು ಮೀರಿ ಕೆಲವು ವರ್ಷಗಳಾದುವು. ಸಿಗ್ನಲ್ಲು ಪೊಲೀಸರದು; ಅದರ ಕೆಳಗಿನ ರಸ್ತೆ ಪಾಲಿಕೆಯದು; 2025ರ ಸೆಪ್ಟೆಂಬರಿನಿಂದ ಆ ಪಾಲಿಕೆಯೂ ಒಂದಲ್ಲ, ಐದು. ಬಸ್ಸು ಬಿಎಂಟಿಸಿಯದು, ಮೆಟ್ರೊ ಇನ್ನೊಂದು ನಿಗಮದ್ದು, 148 ಕಿಲೋಮೀಟರುಗಳ ಉಪನಗರ ರೈಲು ಕೆ-ರೈಡ್ ಎಂಬ ಮತ್ತೊಂದು ಸಂಸ್ಥೆಯದು, ಹೆದ್ದಾರಿ ಕೇಂದ್ರದ್ದು, ಆಟೊ ಮತ್ತು ಕ್ಯಾಬುಗಳ ಪರವಾನಗಿ ಸಾರಿಗೆ ಇಲಾಖೆಯದು. ಇವುಗಳಲ್ಲಿ ಹಲವಕ್ಕೆ ತಮ್ಮತಮ್ಮದೇ ನಿಯಂತ್ರಣ ಕೊಠಡಿಯಿದೆ, ದೊಡ್ಡ ಪರದೆಯಿದೆ, ನಿಷ್ಠೆಯಿಂದ ದುಡಿಯುವ ಸಿಬ್ಬಂದಿಯಿದ್ದಾರೆ. ಒಂದು ಕೊಠಡಿಯ ಪರದೆಯಲ್ಲಿ ಮೂಡಿದ್ದು ಮತ್ತೊಂದು ಕೊಠಡಿಯ ಕೆಲಸಕ್ಕೆ ಒದಗುವುದು ಅಪರೂಪ. ಇದರ ಜೊತೆಗೆ, ಸಿಗ್ನಲ್ಲಿಗೆ ಎಳೆದ ಕೇಬಲ್ಲನ್ನು ನೀರಿನ ಪೈಪಿಗಾಗಿ ರಸ್ತೆ ಅಗೆಯುವವರು ಕತ್ತರಿಸಿಹಾಕಿದರೆ ಯಾರಿಗೆ ಹೇಳಬೇಕೆಂಬುದೂ ಅನಿಶ್ಚಿತ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಈ ಪರಿಸ್ಥಿತಿ ಇತ್ತು. ಅಲ್ಲಿಯ ಒಂದೊಂದು ಮಹಾನಗರ ಪ್ರದೇಶದಲ್ಲಿ ಡಜನ್ನುಗಟ್ಟಲೆ ಪಟ್ಟಣಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಸಿಗ್ನಲ್ ಇಲಾಖೆ, ಬಸ್ ಕಂಪೆನಿ, ಅಗ್ನಿಶಾಮಕ ದಳ. 2001ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರ ಒಂದು ನಿಯಮವನ್ನು ಜಾರಿಗೆ ತಂದಿತು: ಚತುರ ಸಾರಿಗೆಗೆ ಕೇಂದ್ರದ ಹೆದ್ದಾರಿ ನಿಧಿಯಿಂದ ಹಣ ಬೇಕಾದ ಪ್ರದೇಶವು, ತನ್ನ ಎಲ್ಲ ಸಂಸ್ಥೆಗಳನ್ನೂ ಕೂರಿಸಿಕೊಂಡು, ಇಡೀ ಪ್ರದೇಶಕ್ಕೆ ಅನ್ವಯಿಸುವ ಒಂದು ಚೌಕಟ್ಟನ್ನು ಬರಹದಲ್ಲಿ ಸಿದ್ಧಪಡಿಸಬೇಕು. ಯಾವ ಸಂಸ್ಥೆಯ ಹೊಣೆ ಏನು, ಯಾವ ಮಾಹಿತಿ ಯಾರಿಂದ ಯಾರಿಗೆ ಹರಿಯಬೇಕು, ಯಾವ ಯಂತ್ರ ಯಾವುದರೊಡನೆ ಮಾತನಾಡಬೇಕು, ಅದಕ್ಕೆ ಯಾವ ಒಪ್ಪಂದಗಳು ಬೇಕು, ಆ ಬರಹವನ್ನು ಮುಂದೆ ಯಾರು ಕಾಪಾಡಿ ತಿದ್ದುತ್ತಿರಬೇಕು ಎಂಬುದೆಲ್ಲ ಅದರಲ್ಲಿರಬೇಕು. ಓದುವುದಕ್ಕೆ ಇಷ್ಟು ನೀರಸವಾದ ದಾಖಲೆ ಇನ್ನೊಂದಿರಲಾರದು. ಆದರೂ ಪ್ರಾದೇಶಿಕ ಯೋಜನೆಯ ಜೀವಾಳ ಅದೇ. ಹಣದ ಗಂಟಿಗೆ ಒಪ್ಪಂದದ ಷರತ್ತನ್ನು ಕಟ್ಟಿದ್ದರಿಂದ, ಒಬ್ಬರ ಮುಖವನ್ನೊಬ್ಬರು ನೋಡದಿದ್ದ ಇಲಾಖೆಗಳು ಒಂದು ಮೇಜಿನ ಸುತ್ತ ಕೂರಬೇಕಾಯಿತು.

ನಮ್ಮಲ್ಲಿ ಆ ಮೇಜು ಕಾನೂನಿನಲ್ಲಿ ಈಗಾಗಲೇ ಸಿದ್ಧವಾಗಿದೆ. ನಗರ ಭೂ ಸಾರಿಗೆ ನಿರ್ದೇಶನಾಲಯ 2007ರಲ್ಲಿಯೇ ಹುಟ್ಟಿತು. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ವಿಧೇಯಕವನ್ನು 2022ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಶಾಸನಸಭೆ ಅಂಗೀಕರಿಸಿತು. ಸಾರಿಗೆಯ ನಾನಾ ಸಂಸ್ಥೆಗಳನ್ನು ಒಂದು ಯೋಜನೆಯ ಕೆಳಗೆ ತರುವುದೇ ಅದರ ಉದ್ದೇಶ. ಸಿಂಗಪುರವು 1995ರಲ್ಲಿ ಭೂ ಸಾರಿಗೆಗೆಲ್ಲ ಒಂದೇ ಪ್ರಾಧಿಕಾರವನ್ನು ಸ್ಥಾಪಿಸಿ, ಮೂರೇ ವರ್ಷದಲ್ಲಿ ರಸ್ತೆಯ ಬಳಕೆಗೆ ಹೊತ್ತಿಗನುಗುಣವಾಗಿ ಶುಲ್ಕವನ್ನು ಯಂತ್ರದಿಂದಲೇ ವಸೂಲು ಮಾಡತೊಡಗಿದುದು, ಲಂಡನ್ನಿನ ಏಕೈಕ ಸಾರಿಗೆ ಸಂಸ್ಥೆ 2000ದಲ್ಲಿ ಹುಟ್ಟಿದ ಮೂರೇ ವರ್ಷದಲ್ಲಿ ನಗರಮಧ್ಯಕ್ಕೆ ಬರುವ ಕಾರುಗಳಿಗೆ ದಟ್ಟಣೆ ಶುಲ್ಕ ವಿಧಿಸಿದುದು, ಅಧಿಕಾರವು ಒಂದೆಡೆ ನೆಲೆಗೊಂಡದ್ದರ ಫಲ. ನಮ್ಮ ಪ್ರಾಧಿಕಾರಕ್ಕೆ ಅಷ್ಟು ದೊಡ್ಡ ಕೆಲಸವನ್ನು ಮೊದಲ ದಿನವೇ ಒಪ್ಪಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಕೈಹಾಕತಕ್ಕ ಮೊದಲ ಕೆಲಸ ಬಲು ಚಿಕ್ಕದು, ಅದಕ್ಕೆ ಬೇಕಾದ ಯಂತ್ರವೂ ನಮ್ಮಲ್ಲಿದೆ.

ಬಿಎಂಟಿಸಿ ಕಂಡಕ್ಟರ್ ತನ್ನ ಕೈಯಲ್ಲಿ ಹಿಡಿದಿರುವ ಟಿಕೆಟ್ ಯಂತ್ರವನ್ನು ಗಮನಿಸಿ. ಪ್ರಯಾಣಿಕನು ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಎರಡನ್ನೂ ಒತ್ತಿದ ಮೇಲೆಯೇ ಅದು ಚೀಟಿಯನ್ನು ಹರಿದುಕೊಡುವುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಹೆಂಗಸರಿಗೆ ಪ್ರಯಾಣ ಉಚಿತವಾದರೂ, ಅವರಿಗೂ ಶೂನ್ಯ ದರದ ಚೀಟಿಯನ್ನು ಕಂಡಕ್ಟರ್ ಕೊಡಲೇಬೇಕು. ಹೂವು ಮಾರುವ ಹೆಂಗಸು ನಸುಕಿನಲ್ಲಿ ಯಾವ ನಿಲ್ದಾಣದಿಂದ ಕೆ.ಆರ್. ಮಾರುಕಟ್ಟೆಗೆ ಬರುತ್ತಾಳೆ, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳು ಯಾವ ಹೊತ್ತಿಗೆ ಪೀಣ್ಯದಲ್ಲಿ ಇಳಿಯುತ್ತಾರೆ ಎಂಬ ಲೆಕ್ಕ, ಹಿಂದೆ ಯಾವ ಸಮೀಕ್ಷೆಗೂ ಸರಿಯಾಗಿ ಸಿಕ್ಕದಿದ್ದದ್ದು, ಇಂದು ನಿಮಿಷ ನಿಮಿಷಕ್ಕೂ ಆ ಪುಟ್ಟ ಯಂತ್ರದೊಳಗೆ ಸೇರುತ್ತಿದೆ. ಪಾಸು ಹಿಡಿದವರು ಕೆಲವರು ಇದರಿಂದ ಹೊರಗುಳಿಯಬಹುದು. ಅಷ್ಟನ್ನು ಅಂದಾಜಿನಿಂದ ತುಂಬಬಹುದು. ದಿನಕ್ಕೆ ನಲವತ್ತು ಲಕ್ಷದಷ್ಟು ಮನುಷ್ಯರನ್ನು, ವಾಹನಗಳನ್ನಲ್ಲ, ಎಣಿಸುತ್ತಿರುವ ಇಷ್ಟು ದೊಡ್ಡ ಗಣನೆ ಈ ನಗರದಲ್ಲಿ ಬೇರೊಂದಿಲ್ಲ. ಅದರಲ್ಲಿ ಯಾರ ಹೆಸರೂ ಬೇಕಾಗಿಲ್ಲ, ಯಾರ ಮುಖವೂ ಬೇಕಾಗಿಲ್ಲ; ಇಂತಹ ಬಸ್ಸಿನಲ್ಲಿ ಈಗ ಇಷ್ಟು ಜನ ಎಂಬ ಒಂದು ಅಂಕಿ ಸಾಕು.

ಆ ಅಂಕಿಯೂ ಬಸ್ಸಿನ ಜಿಪಿಎಸ್ ಹೇಳುವ ಸ್ಥಾನವೂ ಸೇರಿ ಮುಂದಿನ ಕೂಡುರಸ್ತೆಯ ಸಿಗ್ನಲ್ಲಿಗೆ ತಲುಪಿದರೆ, 3.7 ಕಾರುಗಳೆಂದು ಅಲ್ಲಿ ತೂಗಲ್ಪಡುತ್ತಿದ್ದ ಬಸ್ಸು ಎಪ್ಪತ್ತು ಮಂದಿಯ ತೂಕವನ್ನು ಪಡೆಯುತ್ತದೆ. ಬಸ್ಸಿಗೆ ಹಸಿರನ್ನು ಲಂಬಿಸುವ ಅಥವಾ ಬೇಗ ತರುವ ಅವಕಾಶ ಇಂದಿನ ಹೊಂದಾಣಿಕೆಯ ಸಿಗ್ನಲ್ ತಂತ್ರಗಳಿಗೆ ಹೊಸದಲ್ಲ. ಖಾಲಿ ಹೋಗುತ್ತಿರುವ ಬಸ್ಸಿಗೆ, ವೇಳೆಗಿಂತ ಮುಂದಿರುವ ಬಸ್ಸಿಗೆ ಈ ಆದ್ಯತೆ ಬೇಕಾಗಿಲ್ಲ. ತುಂಬಿದ, ತಡವಾದ ಬಸ್ಸಿಗೆ ಬೇಕು. ಬನಶಂಕರಿಯಿಂದ ಹೆಬ್ಬಾಳದವರೆಗಿನ ಒಂದೇ ಒಂದು ವರ್ತುಲ ಭಾಗದಲ್ಲಿ ಇದನ್ನು ಆರು ತಿಂಗಳು ನಡೆಸಿ ನೋಡಿ, ಬಸ್ಸಿನವರು ಉಳಿಸಿದ ನಿಮಿಷಗಳನ್ನೂ ಮಿಕ್ಕವರು ಕಳೆದುಕೊಂಡ ನಿಮಿಷಗಳನ್ನೂ ತಲೆಯೆಣಿಕೆಯ ಮೇಲೆ ಲೆಕ್ಕಹಾಕಿ ಬಹಿರಂಗವಾಗಿ ಪ್ರಕಟಿಸಲಿ. ಅದೇ ಭಾಗದ ಕೂಡುರಸ್ತೆಗಳಲ್ಲಿ ಕಾಲ್ನಡಿಗೆಯವರಿಗೆ ಸೆಕೆಂಡಿಗೆ 0.8 ಮೀಟರಿನ ಲೆಕ್ಕದಲ್ಲಿ ಹಸಿರು ಸಲ್ಲಲಿ. ಇದಕ್ಕೆ ಹೊಸ ಸೇತುವೆ ಬೇಡ, ಸುರಂಗ ಬೇಡ, ಸಾವಿರಾರು ಕೋಟಿಯ ಟೆಂಡರೂ ಬೇಡ. ಬಿಎಂಟಿಸಿಯ ಆಡಳಿತ ನಿರ್ದೇಶಕರೂ ಸಂಚಾರ ಪೊಲೀಸಿನ ಮುಖ್ಯಾಧಿಕಾರಿಯೂ ಸಹಿ ಹಾಕಿದ, ಮಾಹಿತಿ ವಿನಿಮಯದ ಒಂದು ಒಪ್ಪಂದಪತ್ರ ಬೇಕು. ಅದನ್ನು ನಡೆಸಿಕೊಡುವ ಹೊಣೆಯನ್ನು ಭೂ ಸಾರಿಗೆ ಪ್ರಾಧಿಕಾರ ಹೊರಬೇಕು. ಮುಂಗಡಪತ್ರದಲ್ಲಿ ಇನ್ನು ಮುಂದೆ ಯಾವ ಸಂಸ್ಥೆಗೆ ಕ್ಯಾಮೆರಾಕ್ಕಾಗಲಿ ಫಲಕಕ್ಕಾಗಲಿ ಹಣ ಮಂಜೂರಾಗುವಾಗಲೂ ಆ ಪತ್ರಕ್ಕೆ ತಾನೂ ಬದ್ಧವೆಂದು ಆ ಸಂಸ್ಥೆ ಬರೆದುಕೊಡಬೇಕು.